ಕೇಸಿಗೆ ಏನು ಬರೆದು ತರಬೇಕು ಅಂತ ಕೇಳುವವರಿಗೆ

"ಮೇಡಂ, ನಡೆದದ್ದನ್ನು ಹೇಗೆ ಬರೆದು ತರಲಿ?" ಚಿಕ್ಕಮಗಳೂರಿನಲ್ಲಿ ಜಮೀನಿನ ತಕರಾರು ಹಿಡಿದು ವಕೀಲೆಯಾದ ನನ್ನ ಹತ್ತಿರ ಬರುವವರೆಲ್ಲ ಕೇಳುವ ಮಾತಿದು. ನಡೆದದ್ದನ್ನೇ ಬರೆಯಿರಿ, ನಿಮ್ಮ ಸಿಟ್ಟನ್ನಲ್ಲ. ನನ್ನ ಉತ್ತರ ಇಷ್ಟೇ.

ವಿವರ ಬದಲಿಸಿ ಒಂದು ಸಂಗತಿ ಹೇಳುತ್ತೇನೆ. ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ಎಂಟು ಪುಟ ಬರೆದು ತಂದಿದ್ದರು. ಪಕ್ಕದ ತೋಟದವರಿಗೆ ದುಡ್ಡಿನ ಸೊಕ್ಕು, ಮೊದಲಿನಿಂದಲೂ ಕಾಟ, ಇದೇ ಐದು ಪುಟ. ಅವರ ತೋಟದೊಳಗಿಂದ ಇವರ ತೋಟಕ್ಕೆ ಹೋಗುವ ದಾರಿಗೆ ಬೇಲಿ ಹಾಕಿದ್ದು ಆರನೇ ಪುಟದಲ್ಲಿ ಬಂತು, ಅದೂ "ಕೊಯ್ಲಿನ ಹೊತ್ತಿಗೆ" ಅಂತ. ಯಾವ ವರ್ಷದ ಕೊಯ್ಲು? ಕೂತು ಮಾತಾಡಿ, ಹೀಗೆ ಬರೆದೆವು:

"2024ರ ಡಿಸೆಂಬರ್ 9ರಂದು ಬೆಳಿಗ್ಗೆ ಸುಮಾರು 8 ಗಂಟೆಗೆ ಕಾಫಿ ಕೊಯ್ಯುವವರನ್ನು ಪಿಕಪ್‌ನಲ್ಲಿ ಕರೆದುಕೊಂಡು ಹೋದೆ. ಮೋರಿ ದಾಟಿದ ಮೇಲೆ ದಾರಿಗೆ ಅಡ್ಡವಾಗಿ ಐದು ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿದಿದ್ದರು. ಹಿಂದಿನ ಸಂಜೆ ಅದು ಇರಲಿಲ್ಲ."

ತಾರೀಖಿಗೆ ಯಾಕೆ ಇಷ್ಟು ಒತ್ತು ಅಂದರೆ, 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ ಬೇರೆಯವರ ಜಮೀನಿನಲ್ಲಿ ಬಳಕೆಯಿಂದ ದಾರಿಯ ಹಕ್ಕು ಬರಬೇಕಾದರೆ 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕು ಅಂತಲೇ ಓಡಾಡಿರಬೇಕು, ಮತ್ತು ಆ 20 ವರ್ಷ ಮುಗಿದದ್ದು ದಾವೆ ಹಾಕುವ ಮುಂಚಿನ 2 ವರ್ಷದೊಳಗೆ ಆಗಿರಬೇಕು. ತಾರೀಖು ತಪ್ಪಿದರೆ ಕೇಸೇ ಅಲ್ಲಾಡುತ್ತದೆ. ನೆನಪಿಲ್ಲದಿದ್ದರೆ "ಸುಮಾರು" ಅಂತ ಬರೆಯಿರಿ, ಸುಮ್ನೆ ಊಹಿಸಬೇಡಿ. ಸರ್ವೆ ನಂಬರ್, ಎಕರೆ-ಗುಂಟೆಯನ್ನು ಪಹಣಿ ನೋಡಿ, ಚೆಕ್ಕುಬಂದಿಯನ್ನು, ಅಂದರೆ ನಾಲ್ಕೂ ದಿಕ್ಕಿನ ಗಡಿಯನ್ನು, ಜಮೀನಿನ ಪತ್ರ ನೋಡಿ ಬರೆಯಿರಿ. "ದೌರ್ಜನ್ಯ ಮಾಡಿದರು" ಅಂತ ಬರೆದರೆ ನನಗೆ ಏನೂ ಕಾಣುವುದಿಲ್ಲ. ಕತ್ತಿ ಎತ್ತಿದರಾ, ಗಾಡಿಗೆ ಅಡ್ಡ ನಿಂತರಾ, ಬಾಯಲ್ಲಿ ಏನಂದರು, ಅದು ಬೇಕು. ನೀವು ನೋಡಿದ್ದು ಬೇರೆ, ಯಾರೋ ಹೇಳಿ ಕೇಳಿದ್ದು ಬೇರೆ, ಎರಡನ್ನೂ ಬೆರೆಸಬೇಡಿ.

ಜಾಸ್ತಿ ಜನ ಬಚ್ಚಿಡುವುದು ತಮಗೆ ವಿರುದ್ಧವಾದ ಸಂಗತಿಯನ್ನು. ಇವರೂ ಕೊನೆಗೆ, ಎದ್ದು ಹೊರಡುವಾಗ ಹೇಳಿದರು: "ಅಪ್ಪ ಇದ್ದಾಗ ವರ್ಷಕ್ಕೊಮ್ಮೆ ಅವರ ಮನೆಗೆ ಹೋಗಿ ಕೇಳಿಯೇ ಗಾಡಿ ಹೊಡೆಸುತ್ತಿದ್ದರು." ಕೇಳಿಕೊಂಡು ಓಡಾಡಿದರೆ ಅದು ಅನುಮತಿ, ಹಕ್ಕಲ್ಲ. ಕೋರ್ಟಿನಲ್ಲಿ ಎದುರು ಪಾರ್ಟಿ ವಕೀಲರ ಬಾಯಿಂದ ನಾನು ಇದನ್ನು ಮೊದಲ ಸಲ ಕೇಳುವ ಹಾಗಾಗಿದ್ದರೆ? ದಯವಿಟ್ಟು ನಿಮ್ಮ ವಕೀಲರಿಗೆ ಎಲ್ಲ ಹೇಳಿ, ಅವರು ಅದನ್ನು ಹೊರಗೆ ಬಿಡುವ ಹಾಗಿಲ್ಲ.

ಗೊತ್ತಾಗಿದ್ದರಿಂದ ನಮಗೆ ಬೇರೆ ಹಾದಿ ಹುಡುಕಲು ಆಯಿತು. ಎರಡೂ ತೋಟ ಒಂದು ಕಾಲಕ್ಕೆ ಒಂದೇ ಮನೆಯದ್ದಾಗಿದ್ದು, ಪಾಲಾದಾಗ ಇವರ ಭಾಗಕ್ಕೆ ಬೇರೆ ದಾರಿಯೇ ಇಲ್ಲದೆ ಹೋಗಿದ್ದರೆ, ಅಗತ್ಯದ ದಾರಿ ಅಂತ ಕೇಳಬಹುದು. ಈಗ ಅವರ ಅಜ್ಜನ ಪೆಟ್ಟಿಗೆಯಲ್ಲಿ ಪಾಲುಪಟ್ಟಿ ಹುಡುಕುತ್ತಿದ್ದಾರೆ.