ಗುಲಾಬಿ ಬಣ್ಣದ ಮಳೆ ಲೆಕ್ಕ

"ಅಕ್ಷರ ಎಲ್ಲ ಒಡೆದು ಹೋಗ್ತಿದೆ ಮಾರಾಯ್ತಿ, ಒಂದೂ ಓದಕ್ಕಾಗ್ತಿಲ್ಲ."

ಅಪ್ಪಯ್ಯ ತಮ್ಮ ಲ್ಯಾಪ್‌ಟಾಪಿನ ಬಗ್ಗೆ ಫೋನಿನಲ್ಲಿ ಹೀಗೆ ಅಂದಾಗ ನನಗೆ ಮೊದಲು ನೆನಪಾಗಿದ್ದು ನುಡಿ ಫಾಂಟ್. ಅವರ ಹಳೆಯ ಫೈಲುಗಳೆಲ್ಲ ಯೂನಿಕೋಡ್ ಅಲ್ಲದ ಕಾಲದ ನುಡಿಯಲ್ಲಿ ಟೈಪ್ ಮಾಡಿದವು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಅದೇ ಇರಬೇಕು ಅಂದುಕೊಂಡು ಹತ್ತು ನಿಮಿಷ ಫಾಂಟ್ ಬಗ್ಗೆಯೇ ಕೇಳಿದೆ. ಕೊನೆಗೆ "ಒಂದು ಫೋಟೋ ತೆಗೆದು ಕಳಿಸು ಅಪ್ಪಯ್ಯ" ಅಂದೆ.

ಫೋಟೋ ಬಂತು. ಪರದೆಯ ಮೇಲೆ ಬೆಳ್ಳಗಿರಬೇಕಾದ ಮಳೆ ಲೆಕ್ಕದ ಹಾಳೆ ಪೂರ್ತಿ ಗಾಢ ಗುಲಾಬಿ. ಮೇಲೆ ಅಡ್ಡಡ್ಡ ಗೆರೆಗಳು. ಅಂಕಿಗಳ ಸುತ್ತ ರವೆ ಚೆಲ್ಲಿದ ಹಾಗೆ ಚುಕ್ಕಿಗಳು. ಜೊತೆಗೆ ಹಾಳೆಯ ಚೌಕದ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಕಪ್ಪಾಗಿತ್ತು. "ಆ ಕಪ್ಪು ಬಿದ್ದಿರೋದೆಲ್ಲ ಔಷಧಿ ಹೊಡೆದ ದಿನ" ಅಂದರು ಅಪ್ಪಯ್ಯ. ಅವರಿಗೆ ಜಾಸ್ತಿ ಬೇಜಾರಾಗಿದ್ದು ಅದಕ್ಕೇ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ, ಅಡಿಕೆ ತೋಟದ ಮನೆ. ಅಂಗಳದಲ್ಲಿ ಮಳೆ ಮಾಪಕ ಇದೆ. ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಅಂದರೆ ಬೆಳಿಗ್ಗೆ 8.30ಕ್ಕೆ, ಅಪ್ಪಯ್ಯ ದಿನಾ ಅಳೆಯುತ್ತಾರೆ. ಮೊದಲು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. 2013ರಿಂದ ಲ್ಯಾಪ್‌ಟಾಪಿನಲ್ಲಿ. ಮಳೆ ಎಷ್ಟು ಮಿಲಿಮೀಟರ್, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ ಬೋರ್ಡೋ ದ್ರಾವಣ ಯಾವತ್ತು ಹೊಡೆದದ್ದು, ರೋಗ ಎಲ್ಲಿ ಕಂಡಿತು, ಎಲ್ಲ ಒಂದೇ ಹಾಳೆಯಲ್ಲಿ. ಔಷಧಿ ಹೊಡೆದ ದಿನದ ಮನೆಗೆ ಹಸಿರು ಬಣ್ಣ ತುಂಬುತ್ತಾರೆ. ಮೊದಲ ಸಲ ಮಳೆ ಹಿಡಿಯುವ ಮುಂಚೆ ಹೊಡೆದರೆ, ಎರಡನೆಯದು 40–45 ದಿನಕ್ಕೆ ಬೀಳಬೇಕು. ಆ ಲೆಕ್ಕಕ್ಕೆ ಅವರಿಗೆ ಹಸಿರು ಮನೆ ಬೇಕೇ ಬೇಕು.

ಲ್ಯಾಪ್‌ಟಾಪ್ 2012ರದು. ನಾನು ಕಾಲೇಜಿಗೆ ಅಂತ ತಗೊಂಡಿದ್ದು. 15.6 ಇಂಚಿನ ಪರದೆ. ಆಮೇಲೆ ಅದಕ್ಕೆ ಎಸ್ಎಸ್‌ಡಿ ಹಾಕಿಸಿ ಅಪ್ಪಯ್ಯನಿಗೆ ಕೊಟ್ಟೆ. ಅವರ ಕೆಲಸಕ್ಕೆ ಇವತ್ತಿಗೂ ಅದು ಸಾಕು.

ನಾನು ಊರಿಗೆ ಹೋಗುವಷ್ಟರಲ್ಲಿ ಅಭಿಪ್ರಾಯಗಳು ಬಹಳ ಬಂದಿದ್ದವು. ಮಳೆಗಾಲದ ತಂಡಿ ಹಿಡಿದಿದೆ, ಒಲೆ ಹತ್ತಿರ ಇಟ್ಟು ಒಣಗಿಸಿ ಅಂತ ಒಬ್ಬರು. ವೈರಸ್ ಅಂತ ಇನ್ನೊಬ್ಬರು. ಅಪ್ಪಯ್ಯ ಪೇಟೆಯ ಒಂದು ಅಂಗಡಿಗೂ ಹೊತ್ತುಕೊಂಡು ಹೋಗಿದ್ದರು. ಅಲ್ಲಿಯವರು ಆನ್ ಮಾಡಿ ಎರಡು ನಿಮಿಷ ನೋಡಿ, "ಡಿಸ್‌ಪ್ಲೇ ಹೋಗಿದೆ, 7,000 ಆಗತ್ತೆ, ಇಷ್ಟು ಹಳೇದಕ್ಕೆ ಯಾಕೆ ಸುಮ್ನೆ ದುಡ್ಡು ಹಾಕ್ತೀರಿ, ಹೊಸದು ತಗೊಳ್ಳಿ" ಅಂದರಂತೆ. ನನಗೆ ನೋವಾಗಿದ್ದು ಅವರು ಹೇಳಿದ ದುಡ್ಡಿಗಲ್ಲ. ಬೇರೆ ಪರದೆಗೆ ಒಂದು ತಂತಿ ಸಿಕ್ಕಿಸಿ ನೋಡುವಷ್ಟು ಕೂಡ ಮಾಡದೆ ತೀರ್ಪು ಕೊಟ್ಟರಲ್ಲ, ಅದಕ್ಕೆ.

ಎರಡನೇ ಶನಿವಾರ ಬೆಳಿಗ್ಗೆ ಜಗಲಿಯಲ್ಲಿ ಕೂತೆವು. ಹೊರಗೆ ಜೋರು ಮಳೆ. ಮೊದಲು ಆಫ್ ಮಾಡಿ ಆನ್ ಮಾಡುವಾಗಲೇ ಎಫ್2 ಒತ್ತಿ ಬಯೋಸ್, ಅಂದರೆ ಯಂತ್ರದ ಮೂಲ ಸೆಟ್ಟಿಂಗ್ ಪುಟದ ಒಳಗೆ ಹೋದೆ. ಅಲ್ಲಿಗೆ ವಿಂಡೋಸ್ ಇನ್ನೂ ಬಂದಿರುವುದಿಲ್ಲ, ಡ್ರೈವರ್ ಕೂಡ ಇಲ್ಲ. ಅಲ್ಲೂ ಅದೇ ಗೆರೆ, ಅದೇ ಬಣ್ಣ. ಅಲ್ಲಿಗೆ ವೈರಸ್ ಮಾತು ಮುಗಿಯಿತು. ವಿಂಡೋಸ್ ಒಳಗೆ ಹೋಗಿ ಒಂದು ಸ್ಕ್ರೀನ್‌ಶಾಟ್ ತೆಗೆದು ನನ್ನ ಫೋನಿಗೆ ಕಳಿಸಿಕೊಂಡೆ. ಫೋನಿನಲ್ಲಿ ಅದು ಸ್ವಚ್ಛವಾಗಿ ಕಂಡಿತು! ಸ್ಕ್ರೀನ್‌ಶಾಟ್ ತಯಾರಾಗುವುದು ಮೆಮೊರಿಯಲ್ಲಿ, ಚಿತ್ರ ಪರದೆಗೆ ಹೊರಡುವ ಮೊದಲು. ಅಂದರೆ ಚಿತ್ರ ಹುಟ್ಟುವಾಗ ಸರಿಯಾಗೇ ಇದೆ. ಕೆಡುತ್ತಿರುವುದು ದಾರಿಯಲ್ಲಿ, ಇಲ್ಲವೇ ಪರದೆಯಲ್ಲಿ.

ಆಮೇಲೆ ಎಚ್‌ಡಿಎಂಐ ಕೇಬಲ್ಲಿನಿಂದ ಟಿವಿಗೆ ಜೋಡಿಸಿದೆ. ಟಿವಿಯಲ್ಲಿ ಹಾಳೆ ಬೆಳ್ಳಗೆ, ಮನೆಗಳು ಹಸಿರಾಗಿ ಬಂದವು. ಅಪ್ಪಯ್ಯ ಎದ್ದು ಟಿವಿ ಹತ್ತಿರ ಹೋಗಿ ನಿಂತರು. "ಎಲ್ಲ ಇದೆಯಲ್ಲೇ!" ಅಂದರು. ಇಷ್ಟು ದಿನ ಲೆಕ್ಕವೇ ಅಳಿಸಿ ಹೋಗಿದೆ ಅಂತ ಅವರು ಒಳಗೊಳಗೆ ಹೆದರಿದ್ದರು ಅನ್ನೋದು ನನಗೆ ಆಗ ಗೊತ್ತಾಯಿತು. ಬೇರೆ ಏನೂ ಮಾಡುವ ಮೊದಲು ಎಲ್ಲವನ್ನೂ ಎರಡು ಪೆನ್‌ಡ್ರೈವಿಗೆ ಹಾಕಿದೆ. ಕೆಟ್ಟ ಪರದೆಯ ಲ್ಯಾಪ್‌ಟಾಪ್ ಯಾರ ಮನೆಯಲ್ಲಿದ್ದರೂ ಇದನ್ನು ಮೊದಲು ಮಾಡಿ ಅಂತಲೇ ಹೇಳುತ್ತೇನೆ. ಬಿಚ್ಚುವುದೆಲ್ಲ ಆಮೇಲೆ.

ಈಗ ಉಳಿದಿದ್ದು ಪರದೆ ಮತ್ತು ಅದಕ್ಕೆ ಹೋಗುವ ಕೇಬಲ್. ಮುಚ್ಚಳವನ್ನು ನಿಧಾನಕ್ಕೆ ಹಿಂದೆ ಮುಂದೆ ಬಾಗಿಸಿದೆ. ಪೂರ್ತಿ ಹಿಂದಕ್ಕೆ ಹೋದಾಗ ಗುಲಾಬಿ. ಸ್ವಲ್ಪ ಮುಂದಕ್ಕೆ ತಂದರೆ ಒಂದು ಕಡೆ ಫಟ್ ಅಂತ ಬಿಳಿ. ಮತ್ತೆ ಬಾಗಿಸಿದರೆ ಮತ್ತೆ ಗುಲಾಬಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಜಾಗದಲ್ಲಿ ನಿಂತ ಗೆರೆ ಇದ್ದು, ಮುಚ್ಚಳ ಅಲುಗಾಡಿಸಿದರೂ ಅದು ಕದಲದೇ ಇದ್ದರೆ ಸಾಮಾನ್ಯವಾಗಿ ಪರದೆಯ ಅಂಚಿನ ಜೋಡಣೆಯೇ ಬಿಟ್ಟಿರುತ್ತದೆ. ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ. ನಮ್ಮದು ಹಾಗಿರಲಿಲ್ಲ. ಕೀಲಿನ ಜಾಗದಲ್ಲಿ ಕೇಬಲ್ ಸವೆದಿದೆ ಅಂತ ನನಗೆ ಆಗಲೇ ಮುಕ್ಕಾಲು ನಂಬಿಕೆ ಬಂತು.

ಪೂರ್ತಿ ನಂಬಿಕೆ ಬಂದಿದ್ದು ಬಣ್ಣದಿಂದ. ಆ ಕಾಲದ ಲ್ಯಾಪ್‌ಟಾಪುಗಳಲ್ಲಿ ಮದರ್‌ಬೋರ್ಡಿನಿಂದ ಪರದೆಗೆ ಚಿತ್ರ ಹೋಗುವುದು ಎಲ್‌ವಿಡಿಎಸ್ ಅನ್ನುವ ಪದ್ಧತಿಯಲ್ಲಿ. ತಲೆಗೂದಲಿಗಿಂತ ಸ್ವಲ್ಪ ದಪ್ಪದ ತಂತಿಗಳು, ಎರಡೆರಡು ಜೋಡಿಯಾಗಿ. ನಮ್ಮಂಥ 1366×768 ಪರದೆಗೆ ಸಾಮಾನ್ಯವಾಗಿ ಮಾಹಿತಿಯ ಮೂರು ಜೋಡಿ, ಅವು ಹೊತ್ತು ತಪ್ಪದ ಹಾಗೆ ತಾಳ ಹಾಕಲು ಒಂದು ಜೋಡಿ. ಹತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿಗಳ ಬಣ್ಣ ಸೆಕೆಂಡಿಗೆ 60 ಸಲ ಇಷ್ಟೇ ತಂತಿಗಳ ಮೇಲೆ ಓಡುತ್ತದೆ. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಆರು ಬಿಟ್. ಮೊದಲ ಜೋಡಿಯಲ್ಲಿ ಕೆಂಪು ಪೂರ್ತಿ ಹೋಗುತ್ತದೆ. ಎರಡನೆಯದರಲ್ಲಿ ಹಸಿರಿನ ಬಹುಪಾಲು ಮತ್ತು ನೀಲಿಯ ಚೂರು. ಮೂರನೆಯದರಲ್ಲಿ ಉಳಿದ ನೀಲಿ.

ನಡುವಿನ ಜೋಡಿ ಕೈಕೊಟ್ಟರೆ ಹಸಿರು ಬರುವುದಿಲ್ಲ. ಬಿಳಿಯಿಂದ ಹಸಿರು ತೆಗೆದರೆ ಉಳಿಯುವುದು ಗುಲಾಬಿ. ಹಸಿರಿನಿಂದಲೇ ಹಸಿರು ತೆಗೆದರೆ ಉಳಿಯುವುದು ಕಪ್ಪು. ಅಪ್ಪಯ್ಯನ ಔಷಧಿಯ ದಿನಗಳು ಕಪ್ಪಾಗಿದ್ದು ಹೀಗೆ. ಕಪ್ಪು ಅಕ್ಷರ ಕಪ್ಪಿನಲ್ಲಿ ಮುಳುಗಿತ್ತು. ಅವರು ಕಳಿಸಿದ ಫೋಟೋದಲ್ಲೇ ಉತ್ತರ ಇತ್ತು ಅಂತ ಹೊಳೆದಾಗ ಆದ ಖುಷಿ ಇನ್ನೂ ನೆನಪಿದೆ. ಅಪ್ಪಯ್ಯನಿಗೆ ವಿವರಿಸಿದೆ. "ಹಾಗಾದ್ರೆ ಹಸಿರು ಬರೋ ದಾರೀಲಿ ಮಾತ್ರ ಧರೆ ಕುಸಿದಿದೆ" ಅಂದರು. ನಮ್ಮ ಕಡೆ ಮಳೆಗಾಲದಲ್ಲಿ ರಸ್ತೆಗೆ ಆಗುವುದೂ ಅದೇ ಅಲ್ವಾ.

ಬಿಚ್ಚುವ ಮೊದಲು ಚಾರ್ಜರ್ ತೆಗೆದು, ಬ್ಯಾಟರಿ ಕಳಚಿ, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದೆ. ಇದನ್ನು ಯಾರೂ ಬಿಡಬಾರದು. ಪರದೆಯ ಹಿಂದಿನ ಬೆಳಕಿಗೆ ಬೇಕಾದ ವಿದ್ಯುತ್ತೂ ಇದೇ ಕೇಬಲ್ಲಿನಲ್ಲಿ ಹೋಗುತ್ತದೆ. ಬ್ಯಾಟರಿ ಇಟ್ಟುಕೊಂಡೇ ಕಿತ್ತರೆ ಮದರ್‌ಬೋರ್ಡಿನ ಫ್ಯೂಸ್ ಸುಡಬಹುದು. ಆಗ ನಿಜವಾಗಿಯೂ ದೊಡ್ಡ ಖರ್ಚು. ಅಮ್ಮ ಸ್ಕ್ರೂ ಇಡಲು ಇಡ್ಲಿ ತಟ್ಟೆ ಕೊಟ್ಟರು. ಒಂದೊಂದು ಕುಳಿಗೆ ಒಂದೊಂದು ಜಾಗದ ಸ್ಕ್ರೂ. ಅದಕ್ಕಿಂತ ಒಳ್ಳೆಯ ಪೆಟ್ಟಿಗೆ ನಾನು ಕಂಡಿಲ್ಲ. ರಬ್ಬರ್ ಬಿರಡೆಗಳ ಕೆಳಗಿನ ಸ್ಕ್ರೂ ತೆಗೆದು, ಹಳೆಯ ಎಟಿಎಂ ಕಾರ್ಡಿನಿಂದ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟು ಬಿಡಿಸಿ, ಪರದೆಯನ್ನು ಕೀಬೋರ್ಡಿನ ಮೇಲೆ ಹಾಸಿದ ಟವೆಲ್ಲಿಗೆ ಒರಗಿಸಿದೆವು. ಹಿಂದೆ ಕೇಬಲ್ಲಿನ ತುದಿ. ಅದನ್ನು ತೆಗೆದು ಮತ್ತೆ ನೇರವಾಗಿ ಕೂರಿಸಿದೆ. ಬ್ಯಾಟರಿ ಹಾಕಿ ಆನ್ ಮಾಡಿದರೆ ಹಾಳೆ ಬೆಳ್ಳಗಿತ್ತು. ರಾತ್ರಿ ನೆಮ್ಮದಿಯಿಂದ ಮಲಗಿದೆವು.

ಬೆಳಿಗ್ಗೆ 8.30ಕ್ಕೆ ಅಪ್ಪಯ್ಯ ಮಳೆ ಅಳೆದು ಬಂದು ಮುಚ್ಚಳ ತೆರೆದರು. ಗುಲಾಬಿ.

ಈ ಸಲ ಕೀಬೋರ್ಡ್ ತೆಗೆದು ಕೀಲಿನ ತನಕ ನೋಡಿದೆ. ಎಡಗಡೆ ಕೀಲಿನ ಹತ್ತಿರ ಕೇಬಲ್ಲಿಗೆ ಸುತ್ತಿದ ಕಪ್ಪು ಟೇಪು ಸವೆದು ಮೇಣದ ಹಾಗಾಗಿತ್ತು. ಅದರೊಳಗೆ ಎರಡು ತಂತಿಗಳ ಸಿಪ್ಪೆ ಸುಲಿದಿತ್ತು. ಹದಿಮೂರು ವರ್ಷ ದಿನಾ ತೆರೆದು ಮುಚ್ಚಿದ ಜಾಗ ಅದು. ಟೇಪು ಸುತ್ತಿ ತಾತ್ಕಾಲಿಕವಾಗಿ ಏನೋ ಮಾಡಬಹುದಿತ್ತು. ನನಗೆ ಮನಸ್ಸು ಬರಲಿಲ್ಲ. ಕೇಬಲ್ಲಿನ ಚೀಟಿಯ ಮೇಲಿನ ನಂಬರನ್ನು ಫೋಟೋ ತೆಗೆದುಕೊಂಡು ಬೆಂಗಳೂರಿಗೆ ಹೊರಟೆ. ಹೊಸ ಕೇಬಲ್ ತರುವ ತನಕ ಟಿವಿಗೆ ಜೋಡಿಸಿ ನೋಡಿಕೊಳ್ಳಬಹುದಿತ್ತು. ಆದರೆ ಆಷಾಢದಲ್ಲಿ ನಮ್ಮೂರಿನ ಕರೆಂಟನ್ನು ನಂಬುವ ಹಾಗಿಲ್ಲ. ಅಪ್ಪಯ್ಯ ಗೋಡೆ ಕ್ಯಾಲೆಂಡರಿನಲ್ಲಿ ಅಂಕಿ ಬರೆಯಲು ಶುರು ಮಾಡಿದರು.

ಎಸ್.ಪಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿದೆ. ಮೊದಲ ಮೂರರಲ್ಲೂ ಲ್ಯಾಪ್‌ಟಾಪಿನ ಮಾಡೆಲ್ ಹೇಳಿದೆ, ಇಲ್ಲ ಅಂದರು. ನಾಲ್ಕನೆಯದು ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿ. ಅಲ್ಲಿದ್ದ ಹುಡುಗ, "ಮಾಡೆಲ್ ಬೇಡ ಅಕ್ಕ, ಕೇಬಲ್ ನಂಬರ್ ತೋರ್ಸಿ. ಒಂದೇ ಮಾಡೆಲ್‌ಗೆ ಎರಡು ಮೂರು ಥರ ಬರತ್ತೆ" ಅಂದ. ಫೋಟೋ ನೋಡಿ, ಡಬ್ಬಿ ಕೆದಕಿ, ಅದೇ ನಂಬರಿನ ಹೊಸ ಕೇಬಲ್ ತೆಗೆದುಕೊಟ್ಟ. 550 ರೂಪಾಯಿ. "ಕೀಲಿನ ಹತ್ತಿರ ಬಿಗಿಯಾಗಿ ಎಳೀಬೇಡಿ, ಸ್ವಲ್ಪ ಸಡಿಲ ಬಿಡಿ" ಅಂತಲೂ ಹೇಳಿದ. ಅವನು ಹೇಳಿದ ಆ ಒಂದು ಮಾತಿಗೆ ನಾನು ಇವತ್ತಿಗೂ ಋಣಿ.

ಎರಡು ವಾರ ಬಿಟ್ಟು ಮತ್ತೆ ಜಗಲಿ, ಮತ್ತೆ ಇಡ್ಲಿ ತಟ್ಟೆ. ಈ ಸಲ ಬಿಚ್ಚಿದ್ದು ನಾನು, ಕೇಬಲ್ ಕೂರಿಸಿದ್ದು ಅಪ್ಪಯ್ಯ. ಕಸಿ ಕಟ್ಟಿ ಪಳಗಿದ ಕೈ ಅದು. ಕೀಲಿನ ಬಳಿ ಹುಡುಗ ಹೇಳಿದ ಹಾಗೆ ಸಡಿಲ ಬಿಟ್ಟು ತಿರುಗಿಸಿದರು. ಆನ್ ಮಾಡಿ ಮುಚ್ಚಳವನ್ನು ಇಪ್ಪತ್ತು ಸಲವಾದರೂ ಬಾಗಿಸಿ ನೋಡಿದೆವು. ಒಂದು ಗೆರೆ ಬರಲಿಲ್ಲ.

ಕ್ಯಾಲೆಂಡರ್ ಗೋಡೆಯಿಂದ ಇಳಿಯಿತು. ಅವರು ಓದುತ್ತಾ ಹೋದರು, ನಾನು ತುಂಬುತ್ತಾ ಹೋದೆ. 41, 88, 12, 64. ಎಲ್ಲ ಮುಗಿದ ಮೇಲೆ ಅಪ್ಪಯ್ಯ ಕನ್ನಡಕ ಸರಿಮಾಡಿಕೊಂಡು ಹಾಳೆಯನ್ನು ಮೇಲಕ್ಕೆ ಸರಿಸಿದರು. ಜೂನ್ ಮೊದಲ ವಾರದ ಹಸಿರು ಮನೆಯ ಮೇಲೆ ಬೆರಳಿಟ್ಟು ಅಲ್ಲಿಂದ ಕೆಳಗೆ ಎಣಿಸುತ್ತಾ ಬಂದರು.

"38 ಆಯ್ತು. ಎರಡು ದಿನ ಮಳೆ ಬಿಟ್ಟು ಹೊಳವು ಕೊಟ್ರೆ ಸಾಕು" ಅಂದು, ಔಷಧಿ ಹೊಡೆಯುವವರಿಗೆ ಹೇಳಲು ಫೋನ್ ಹುಡುಕುತ್ತಾ ಒಳಗೆ ಹೋದರು.