ಆಗಲೇ ಇದಾವಲ್ಲ, ಇನ್ನೊಂದು ಯಾಕೆ?

ಕೇಳುವವರೆಲ್ಲ ಒಳ್ಳೆಯವರೇ. ಅದಕ್ಕೇ ಇಷ್ಟು ದಿನ ನಗುತ್ತಾ ಉತ್ತರ ಕೊಟ್ಟೆ. ಇನ್ನು ನನ್ನ ಕೈಲಿ ಆಗಲ್ಲ. ಸರಸ್ವತಿಪುರಂನಲ್ಲಿ ಕಾಫಿ ಕುಡಿಯುವಾಗ ಕೇಳುತ್ತಾರೆ, ಆಫೀಸಿನ ಲಿಫ್ಟಿನಲ್ಲಿ ಕೇಳುತ್ತಾರೆ, ನಮ್ಮ ಭಾವ ರಾತ್ರಿ ಹನ್ನೊಂದಕ್ಕೆ ವಾಟ್ಸ್ಯಾಪಿನಲ್ಲಿ ಕೇಳುತ್ತಾರೆ: "ಪ್ಯಾಕೇಜ್ ಮ್ಯಾನೇಜರ್ ಬರೀತಿದ್ದೀಯಂತೆ. ಆಗಲೇ ಬೇಕಾದಷ್ಟು ಇದಾವಲ್ಲ, ಇನ್ನೊಂದು ಯಾಕೆ?" ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ನಾವು ಮೂರು ಜನ ಗೆಳೆಯರು ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ಕಟ್ಟುತ್ತಿದ್ದೇವೆ. ಅದರಲ್ಲಿ ಪ್ರೋಗ್ರಾಂ ಹಾಕಲು, ತೆಗೆಯಲು, ಹಳೆಯದನ್ನು ಹೊಸದು ಮಾಡಲು ಒಂದು ಸಾಧನ ಬೇಕು, ಅದೇ ಪ್ಯಾಕೇಜ್ ಮ್ಯಾನೇಜರ್. ಒಂದು ಪ್ರೋಗ್ರಾಂನ ಫೈಲುಗಳ ಕಟ್ಟೇ ಪ್ಯಾಕೇಜ್. ಆ ಪ್ಯಾಕೇಜೂ ಬೈನರಿ, ಅಂದರೆ ಯಂತ್ರ ನೇರವಾಗಿ ಓಡಿಸುವಂತೆ ಮೊದಲೇ ಕಂಪೈಲ್ ಆಗಿ ಬಂದಿರಬೇಕು. ಬಳಸುವವರು ತಾವೇ ಕಂಪೈಲ್ ಮಾಡಲು ಹಚ್ಚಿ ರಾತ್ರಿಯೆಲ್ಲ ಫ್ಯಾನಿನ ಸದ್ದು ಕೇಳುತ್ತಾ ಕೂರಬಾರದು.

ನನಗೆ ಸಿಟ್ಟು ಬರೋದು "ಇನ್ನೊಂದು" ಅನ್ನೋ ಮಾತಿಗೆ. ಮೈಸೂರಲ್ಲಿ ಹೊಸ ದೋಸೆ ಹೋಟೆಲ್ ತೆರೆದರೆ ಯಾರಾದರೂ "ಆಗಲೇ ಇದಾವಲ್ಲ" ಅಂತಾರಾ? ಹೋಗಿ ಸಾಗು ಹೇಗಿದೆ ಅಂತ ನೋಡುತ್ತಾರೆ. ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನವರು ಸುಮಾರು 20 ವರ್ಷ ಬಳಸಿದ ಹಳೆಯ ಪ್ಯಾಕೇಜ್ ಸಾಧನಗಳನ್ನು 2014ರಲ್ಲಿ, 10.0 ಆವೃತ್ತಿಯಲ್ಲಿ, ಬಿಟ್ಟು ಹೊಸದನ್ನು ತಂದರು. ಸುಮ್ನೆ ಅಲ್ಲ. ಹಳೆಯದರಲ್ಲಿ ಎಲ್ಲವನ್ನೂ ಒಟ್ಟಿಗೆ ಅಪ್‌ಗ್ರೇಡ್ ಮಾಡುವ ದಾರಿಯೇ ಇರಲಿಲ್ಲ, ಅದಕ್ಕೆ ಬೇರೆ ಸಾಧನ ಹುಡುಕಬೇಕಿತ್ತು.

ನಮ್ಮ ಕಾರಣ ಬೇರೆ. ಲಿನಕ್ಸ್ ಲೋಕದ ಡೆಬಿಯನ್ ಪ್ಯಾಕೇಜ್ ಆಗಲಿ, ಆರ್‌ಪಿಎಂ ಪ್ಯಾಕೇಜ್ ಆಗಲಿ, ಒಳಗೆ ಸ್ಕ್ರಿಪ್ಟ್, ಅಂದರೆ ತಾನಾಗೇ ಓಡುವ ಆಜ್ಞೆಗಳ ಪಟ್ಟಿ, ಇಟ್ಟುಕೊಂಡು ಬರಬಹುದು. ಹಾಕುವ ಮೊದಲು ಒಂದು, ಹಾಕಿದ ಮೇಲೆ ಒಂದು, ತೆಗೆಯುವಾಗ ಒಂದು. ಎಲ್ಲವೂ ರೂಟ್, ಅಂದರೆ ಯಂತ್ರದ ಯಜಮಾನನ ಅಧಿಕಾರದಲ್ಲಿ ಓಡುತ್ತವೆ. ಯಾರೋ ಬರೆದ ಸ್ಕ್ರಿಪ್ಟು ನನ್ನ ಮನೆಯ ಬೀಗದ ಕೈ ಹಿಡಿದುಕೊಂಡು ಏನು ಬೇಕಾದರೂ ಮಾಡಬಹುದು. ನಮ್ಮದರಲ್ಲಿ ಸ್ಕ್ರಿಪ್ಟೇ ಇಲ್ಲ. "ಈ ಹೆಸರಿನ ಬಳಕೆದಾರ ಬೇಕು, ಈ ಡೈರೆಕ್ಟರಿ ಬೇಕು" ಅಂತ ಪ್ಯಾಕೇಜ್ ಚೀಟಿ ಕೊಡುತ್ತೆ, ಮಾಡೋದು ನಾವು. ಇದರಿಂದ ತಲೆನೋವು ಜಾಸ್ತಿಯೇ ಆಗಿದೆ, ಒಪ್ಪುತ್ತೇನೆ. ಸ್ವಲ್ಪ ಹಟವೂ ಇದೆ. ಅದನ್ನೂ ಒಪ್ಪುತ್ತೇನೆ.

ಹೋದ ವರ್ಷ ಮಂಡ್ಯದಲ್ಲಿ ನಮ್ಮ ಕಡೆಯ ಒಂದು ಬೀಗರೂಟ. ಪಕ್ಕದ ಎಲೆಯಲ್ಲಿ ದೊಡ್ಡಪ್ಪ. ಮುದ್ದೆ ಮುರಿಯುತ್ತಾ ಶುರು ಮಾಡಿದರು: "ಅಲ್ಲ ಕಣ್ಲಾ, ಪ್ಲೇ ಸ್ಟೋರು ಐತಲ್ಲ. ಒತ್ತುದ್ರೆ ಬತ್ತದೆ. ನೀನೇನ್ಲಾ ಹೊಸ್ದಾಗಿ ಮಾಡದು?" ಎದುರು ಸಾಲಿನವರೆಲ್ಲ ನನ್ನನ್ನೇ ನೋಡಿದರು. "ಅದು ಹಂಗಲ್ಲ ದೊಡ್ಡಪ್ಪ" ಅಂದೆ. ಮುಂದೆ ಮಾತು ಬರಲಿಲ್ಲ. ಬಡಿಸುವವನು ಬಂದು ಉಳಿಸಿದ.

ಉತ್ತರ ಸಿಕ್ಕಿದ್ದು ಸಂಜೆ. "ಕಂಪ್ಯೂಟರ್ ಓದವ್ನೆ, ಲೆಕ್ಕ ಚೆನ್ನಾಗ್ ಬತ್ತದೆ" ಅಂತ ಪಾತ್ರೆ ಎಣಿಸಲು ನನ್ನನ್ನೇ ಕೂರಿಸಿದರು. ಎರಡು ಬಾಡಿಗೆ ಅಂಗಡಿಯ ಪಾತ್ರೆ, ಛತ್ರದ ಪಾತ್ರೆ, ಜೊತೆಗೆ ದೊಡ್ಡಮ್ಮ ಮನೆಯಿಂದ ತಂದಿದ್ದ ಕೊಳಗ. ಎಲ್ಲ ಒಂದೇ ಕಡೆ ತೊಳೆದು ರಾಶಿ ಹಾಕಿದ್ದರು. ತರುವಾಗ ಯಾರಿಗೂ ಕಷ್ಟ ಇರಲಿಲ್ಲ, ಟೆಂಪೋದಿಂದ ಇಳಿಸಿದ್ದಷ್ಟೇ. ವಾಪಸ್ ಕೊಡುವಾಗ ಒಂದೊಂದನ್ನೂ ತಿರುಗಿಸಿ, ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಓದಬೇಕು.

ಪ್ಯಾಕೇಜ್ ಮ್ಯಾನೇಜರಿನ ಅರ್ಧ ಕೆಲಸ ಅದೇ. ಯಾವ ಫೈಲು ಯಾವ ಪ್ಯಾಕೇಜಿನದು ಅನ್ನುವ ಲೆಕ್ಕ. ಡೆಬಿಯನ್‌ನ ಸಾಧನ ಡಿಪಿಕೆಜಿ, ಪ್ಯಾಕೇಜಿಗೊಂದು ಸಾದಾ ಪಟ್ಟಿ ಬರೆದಿಡುತ್ತೆ. ಫ್ರೀಬಿಎಸ್‌ಡಿಯ ಹೊಸ ಸಾಧನ ಎಲ್ಲವನ್ನೂ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿಡುತ್ತೆ, ನಾವೂ ಹಾಗೇ. ಎರಡು ಪ್ಯಾಕೇಜು ಒಂದೇ ಫೈಲು ನಂದು ಅಂದರೆ ಎರಡನೆಯದನ್ನು ಒಳಗೆ ಬಿಡುವುದಿಲ್ಲ.

ಕೊನೆಗೆ ಒಂದು ಸೌಟು ಉಳಿಯಿತು. ಹಿಡಿ ಮುರಿದಿತ್ತಂತೆ, ಭಟ್ಟರು ಮರದ ಹಿಡಿ ಕಟ್ಟಿದ್ದರು. ಅಕ್ಷರ ಇದ್ದದ್ದು ಹಳೆಯ ಹಿಡಿಯ ಮೇಲೆ. ಅಂಗಡಿಯವನು ತಿರುಗಿಸಿ ನೋಡಿ "ಇದು ನಮ್ದಲ್ಲ ಬುದ್ಧಿ" ಅಂದ. ಆಮೇಲೆ ಪಟ್ಟಿ ನೋಡಿ ಒಂದು ಸೌಟು ಕಮ್ಮಿ ಅಂತ ದುಡ್ಡೂ ಹಿಡಿದುಕೊಂಡ! ನನಗೆ ಬೇಜಾರಾಗಲಿಲ್ಲ, ಖುಷಿಯಾಯಿತು. ಬಳಸುವವರು ತಿದ್ದಿದ ಕಾನ್ಫಿಗ್ (ಸೆಟ್ಟಿಂಗ್) ಫೈಲಿನ ಪಾಡು ಥೇಟ್ ಇದೇ. ನಾವು ಕೊಟ್ಟದ್ದೇ, ಆದರೆ ಈಗ ಚೆಕ್‌ಸಮ್, ಅಂದರೆ ಫೈಲಿನ ಬೆರಳಚ್ಚು, ಹೊಂದಲ್ಲ. ಅಪ್‌ಗ್ರೇಡಿನಲ್ಲಿ ಮೇಲೆ ಹೊಸದನ್ನು ಬರೆದರೆ ಅವರ ಕೆಲಸ ಹೋಯಿತು, ಬಿಟ್ಟರೆ ಹೊಸ ಸೆಟ್ಟಿಂಗ್ ಬರಲಿಲ್ಲ. ಡಿಪಿಕೆಜಿ ನಿಲ್ಲಿಸಿ ಕೇಳುತ್ತೆ. ನಾವಾದರೆ ಅವರು ತಿದ್ದಿದ್ದನ್ನು ಮುಟ್ಟದೆ ಹೊಸದನ್ನು ಪಕ್ಕದಲ್ಲಿಟ್ಟು ಒಂದು ಸಾಲು ಹೇಳಿ ಹೋಗುತ್ತೇವೆ.

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ಅರ್ಧದಲ್ಲಿ ಕರೆಂಟ್ ಹೋದರೆ?

ಇದನ್ನು ನಾನು ಕಲಿತದ್ದು ಮಂಡ್ಯದ ಹತ್ತಿರದ ಒಂದು ಶಾಲೆಯ ಲ್ಯಾಬಿನಲ್ಲಿ. 12 ಕಂಪ್ಯೂಟರು. ಒಳ್ಳೆಯ ಕೆಲಸ ಮಾಡೋಣ ಅಂತ ಶನಿವಾರ ಹೋಗಿ ಎಲ್ಲದರಲ್ಲೂ ಒಟ್ಟಿಗೆ ಅಪ್‌ಗ್ರೇಡ್ ಒತ್ತಿದೆ. ಯುಪಿಎಸ್ ಬ್ಯಾಟರಿ ಸತ್ತಿದೆ ಅಂತ ಗೊತ್ತಾದದ್ದು ದೀಪ ಹೋದ ಮೇಲೆ. ಬಂದ ಮೇಲೆ ನಾಲ್ಕು ಯಂತ್ರ ಏಳಲಿಲ್ಲ. ಸಿಸ್ಟಮ್ಮಿನ ತಿರುಳಾದ ಕರ್ನಲ್ ಹೊಸದು ಬಂದು ಕೂತಿತ್ತು, ಬೂಟ್ ಆಗಲು ಅದಕ್ಕೆ ಬೇಕಾದ ಫೈಲು ಅರ್ಧಕ್ಕೇ ನಿಂತಿತ್ತು. ಮೇಷ್ಟ್ರು ಏನೂ ಅನ್ನಲಿಲ್ಲ. ಟೀ ತರಿಸಿದರು. ಬೈದಿದ್ದರೇ ವಾಸಿಯಿತ್ತು.

ಒಂದು ಫೈಲಿನ ಹೆಸರು ಬದಲಿಸುವುದು ಒಂದೇ ಏಟಿಗೆ ಆಗುತ್ತೆ. ಆಗಿರುತ್ತೆ, ಇಲ್ಲಾ ಆಗಿರಲ್ಲ, ನಡುವೆ ಏನಿಲ್ಲ. ಆದರೆ ಒಂದು ಅಪ್‌ಗ್ರೇಡಿನಲ್ಲಿ ಸಾವಿರಾರು ಫೈಲು. ಅದಕ್ಕೆ ನಾವು ಹೊಸದನ್ನೆಲ್ಲ ಬೇರೆ ಡೈರೆಕ್ಟರಿಯಲ್ಲಿ ಪೂರ್ತಿ ಜೋಡಿಸಿ, ಕೊನೆಗೆ ಒಂದು ಲಿಂಕನ್ನು, ಅಂದರೆ ಯಾವ ಡೈರೆಕ್ಟರಿ ನೋಡಬೇಕು ಅಂತ ತೋರಿಸುವ ಕೈಮರವನ್ನು, ಮಾತ್ರ ಅತ್ತ ತಿರುಗಿಸುತ್ತೇವೆ. ಡಿಸ್ಕ್ ಜಾಗ ಜಾಸ್ತಿ ಬೇಕು, ಬೇಕಾಗಲಿ. ಉಪಾಯ ನಮ್ಮದಲ್ಲ. ಈಲ್ಕೊ ಡೋಲ್‌ಸ್ಟ್ರಾ 2006ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ನಿಕ್ಸ್ ಅನ್ನುವ ಪ್ಯಾಕೇಜ್ ಮ್ಯಾನೇಜರ್ ಬಗ್ಗೆ ಬರೆಯುತ್ತಾ ಇದನ್ನು ವಿವರಿಸಿದ್ದಾರೆ. "ಹಾಗಾದರೆ ನಿಕ್ಸನ್ನೇ ಬಳಸಬಹುದಿತ್ತಲ್ಲ?" ನೋಡಿ, ಮತ್ತೆ ಶುರು. ಅದರಲ್ಲಿ ಪ್ರತಿ ಪ್ಯಾಕೇಜೂ ಹ್ಯಾಶ್ ಅನ್ನುವ ಅಕ್ಷರ-ಅಂಕಿಗಳ ಉದ್ದನೆಯ ಹೆಸರಿನ ಜಾಗದಲ್ಲಿರುತ್ತೆ. ನಮಗೆ ಲೈಬ್ರರಿಗಳು, ಅಂದರೆ ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್ ಫೈಲುಗಳು, ಎಂದಿನ ಜಾಗದಲ್ಲೇ ಕಾಣಬೇಕು.

ಈಗ ದಿನಾ ಸಂಜೆ ಒಂದು ಹಳೆಯ ಡೆಸ್ಕ್‌ಟಾಪಿನಲ್ಲಿ ಅಪ್‌ಗ್ರೇಡ್ ಹಚ್ಚಿ, ನಡುವೆ ಪ್ಲಗ್ ಕೀಳುವುದೇ ನನ್ನ ಕೆಲಸ. 17ನೇ ಸಲ ಲಿಂಕ್ ಸರಿಯಾಗಿ ತಿರುಗಿತ್ತು, ಒಳಗಿನ ಫೈಲುಗಳು ಮಾತ್ರ ಖಾಲಿ. ಬರೆದೆ ಅಂತ ಸಿಸ್ಟಮ್ ಹೇಳಿದ್ದು ಡಿಸ್ಕಿಗೆ ಮುಟ್ಟಿರಲಿಲ್ಲ. ತಿರುಗಿಸುವ ಮೊದಲು ಎಫ್‌ಸಿಂಕ್, ಅಂದರೆ ಡಿಸ್ಕಿಗೆ ಬರೆದು ಮುಗಿಸು ಅನ್ನುವ ಆಜ್ಞೆ, ಕರೆದು ಕಾಯುವುದನ್ನು ಮರೆತಿದ್ದೆ.

ಮೊನ್ನೆ ಕೀಳುತ್ತಿದ್ದಾಗ ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. "ಹಿಂಗೆ ಕಿತ್ತರೆ ಒಳಗಿರೋದು ಹಾಳಾಗಲ್ವೇನೋ?" ಅಂದರು. ಕೈ ಹಿಡಿದು ಕೂರಿಸಿ ಮೊದಲಿಂದ ಹೇಳಲು ಶುರು ಮಾಡಿದೆ. ಎಫ್‌ಸಿಂಕ್‌ವರೆಗೆ ಬರುವಷ್ಟರಲ್ಲಿ ಕುಕ್ಕರ್ ಮೂರನೇ ಸಲ ಕೂಗಿತು, ಎದ್ದು ಹೋದರು.