ಲ್ಯಾನ್ಸ್ ನಳಿಗೆಯ ಬೆಳಕು ಕೊನೆಗೂ ಉಳಿಯಿತು

ಮೂರು ವಾರ ದಿನವೂ ಬೆಳಿಗ್ಗೆ ಎದ್ದು ತುಂಡಾದ ಫೈಬರ್, ಅಂದರೆ ಬೆಳಕು ಸಾಗಿಸುವ ಅಕ್ರಿಲಿಕ್ ಎಳೆ, ನೋಡುವುದೇ ಆಗಿತ್ತು. ಇಂದು ಮಾತ್ರ, ಬ್ಯಾಟಲ್‌ಫ್ಲೀಟ್ ಗಾಥಿಕ್ ಎಂಬ ಬಾಹ್ಯಾಕಾಶ ಯುದ್ಧದ ಮೇಜಿನಾಟಕ್ಕೆ ನಾನು ಮಾಡುತ್ತಿರುವ ಪುಟ್ಟ ಮಾದರಿ ಹಡಗಿನ, ಅಂದರೆ ಗಾಥಿಕ್ ವರ್ಗದ ಕ್ರೂಸರ್‌ನ ಎಡಬದಿಯ ನಾಲ್ಕೂ ಲ್ಯಾನ್ಸ್ ನಳಿಗೆಗಳ ಬಾಯಲ್ಲಿ ನೀಲಿ ಬೆಳಕು ರಾತ್ರಿ ಇದ್ದಂತೆಯೇ ಇತ್ತು. ಒಡಲು, ಪ್ರೈಮರ್, ಬಣ್ಣ ಎಲ್ಲವೂ ಎಂದಿನಂತೆಯೇ ನಡೆದವು.

ಬ್ಯಾಟಲ್‌ಫ್ಲೀಟ್ ಗಾಥಿಕ್ ಆಡುವವರಿಗೆ ಲ್ಯಾನ್ಸ್ ಎಂಬ ಕಿರಣ ಆಯುಧದ ತೂಕ ಗೊತ್ತು. ಎದುರಿನ ಹಡಗಿನ ಮೂತಿಯ ಕವಚ 6+ ಆಗಿದ್ದರೆ ಬ್ಯಾಟರಿಯ, ಅಂದರೆ ಸಾಲು ತೋಪುಗಳ, ದಾಳದಲ್ಲಿ ಆರೇ ಬೀಳಬೇಕು. ಲ್ಯಾನ್ಸ್‌ಗೆ ಕವಚ ಎಷ್ಟೇ ಇರಲಿ, ನಾಲ್ಕು ಬಿದ್ದರೂ ಸಾಕು. ಗಾಥಿಕ್ ವರ್ಗದ ಹಡಗಿನ ಒಂದೊಂದು ಬದಿಗೂ ಇಂಥ ನಾಲ್ಕು ಲ್ಯಾನ್ಸ್‌ಗಳ ಬಲವಿದೆ, ಬದಿಯಲ್ಲಿ ಬೇರೆ ಆಯುಧವೇ ಇಲ್ಲ. ಅಂಥ ಆಯುಧ ಮೇಜಿನ ಮೇಲೆ ಬರಿಯ ಬೂದು ಕಡ್ಡಿಯಾಗಿ ಕಾಣುವುದನ್ನು ನನ್ನ ಮನಸ್ಸು ಒಪ್ಪಲಿಲ್ಲ. 1999ರಲ್ಲಿ ಬಂದ ಈ ಆಟದ ಮಾರಾಟ 2013ರಲ್ಲೇ ನಿಂತಿರುವುದರಿಂದ ನಳಿಗೆ ಕೂರುವ ಗೋಪುರಗಳನ್ನೂ ನಾನೇ ಮಾಡಿಕೊಂಡೆ.

ನಳಿಗೆಗೆ ಹಸಿರು ತಲೆಯ 21 ಗೇಜ್ ಇಂಜೆಕ್ಷನ್ ಸೂಜಿ, ಹೊರ ಅಳತೆ 0.8 ಮಿಲಿಮೀಟರ್. ಬಿ.ಎಚ್. ರಸ್ತೆಯ ಔಷಧಿ ಅಂಗಡಿಯವರು "ಯಾರಿಗೆ ಸಾರ್ ಇಂಜೆಕ್ಷನ್ನು?" ಎಂದರು, "ಹಡಗಿಗೆ" ಎಂದೆ, ಇಬ್ಬರೂ ನಕ್ಕೆವು. ಸೂಜಿಯನ್ನು ಕಟರ್‌ನಿಂದ ಒತ್ತಿದರೆ ತೂತು ಚಪ್ಪಟೆಯಾಗುತ್ತದೆ, ಅರದಿಂದ ಸುತ್ತಲೂ ಗೀರಿ ಮುರಿಯಬೇಕು. ಒಳಗೆ 0.5 ಮಿಲಿಮೀಟರ್ ಫೈಬರ್ ಬಿಗಿಯಾಗಿ ಹೋಗುತ್ತದೆ. ಆದರೆ ನಾನು ಆನ್‌ಲೈನ್‌ನಲ್ಲಿ ತರಿಸಿದ ಮೊದಲ ಸುರುಳಿಯ ಚೀಟಿಯಲ್ಲಿ 0.5 ಎಂದಿದ್ದರೂ ವರ್ನಿಯರ್‌ನಲ್ಲಿ 0.75 ಬಂತು, ಬದಲಿ ಬರಲು ಹನ್ನೊಂದು ದಿನ ಕಾಯಬೇಕಾಯಿತು. ಅಳತೆಯನ್ನೇ ನಂಬಿ ಕೊಳ್ಳುವವರಿಗೆ ಇದು ದೊಡ್ಡ ಅನ್ಯಾಯ.

ಸರಿಯಾದ ಫೈಬರ್ ಬಂದ ಮೇಲೂ, ನಳಿಗೆಯ ಬುಡದಲ್ಲಿ ಬಾಗಿಸಿ ಸೂಪರ್ ಗ್ಲೂ ಹಾಕಿದ ಜಾಗದಲ್ಲೇ ಅದು ರಾತ್ರಿ ಕಳೆಯುವಷ್ಟರಲ್ಲಿ ತುಂಡಾಗುತ್ತಿತ್ತು. ಮಾಲೇ ಕಳಪೆಯೆಂದು ಮೊದಲು ಅಂದುಕೊಂಡೆ. ಕೊನೆಗೆ ಮೂರು ತುಂಡು ತೆಗೆದುಕೊಂಡು, ಒಂದನ್ನು ಬಾಗಿಸಿ ಅಂಟು ಹಾಕಿದೆ, ಒಂದನ್ನು ಅಂಟಿಲ್ಲದೆ ಬಾಗಿಸಿ ಕಟ್ಟಿದೆ, ಇನ್ನೊಂದಕ್ಕೆ ನೇರವಾಗಿಟ್ಟೇ ಅಂಟು ಹಾಕಿದೆ. ಮರುದಿನ ಮೊದಲನೆಯದು ಮಾತ್ರ ಮುರಿದಿತ್ತು. ಮೂರನೆಯದರ ಮೇಲೆ ಬಿಳಿ ಮಂಜು ಕೂತಿತ್ತಾದರೂ ಅದು ಗಟ್ಟಿಯಾಗಿತ್ತು. ಬಾಗಿದ ಅಕ್ರಿಲಿಕ್‌ನ ಹೊರಮೈ ಎಳೆತದಲ್ಲಿರುತ್ತದೆ. ಆ ಎಳೆತದ ಮೇಲೆ ಅಂಟಿನ ರಾಸಾಯನಿಕ ತಾಗಿದಾಗ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟಿ ಬೆಳೆಯುತ್ತವೆ.

ಈಗ ಫೈಬರನ್ನು ಬಿಸಿನೀರಿನಲ್ಲಿ ಮೃದುವಾಗಿಸಿ, ಪೆನ್ನಿನ ಸುತ್ತ ಬಾಗಿಸಿ, ಎಳೆತ ಹೋಗುವಂತೆ ಆರಲು ಬಿಟ್ಟು, ಆಮೇಲೆ ಫೆವಿಕಾಲ್‌ನಿಂದ ಕೂರಿಸುತ್ತೇನೆ. ಒಣಗಲು ರಾತ್ರಿಯಿಡೀ ಬೇಕಾದರೂ ಆ ಕಾಯುವಿಕೆ ನನಗೆ ಭಾರವೆನಿಸುವುದಿಲ್ಲ. ನಳಿಗೆಯ ಬಾಯಿಂದ ಹೊರಬಂದ ಫೈಬರ್ ತುದಿಯ ಹತ್ತಿರ ಊದುಬತ್ತಿಯ ಕೆಂಡವನ್ನು ತಾಗಿಸದೆ ಹಿಡಿದರೆ, ಫೈಬರ್ ಉಬ್ಬಿ ಪುಟ್ಟ ಮಸೂರವಾಗುತ್ತದೆ, ಬೆಳಕು ಪಕ್ಕದಿಂದಲೂ ಕಾಣುತ್ತದೆ.

ಮುಂದಿನದು ಡಾಮಿನೇಟರ್ ವರ್ಗದ ಹಡಗು. ಅದರ ಮೂತಿಯ ನೋವಾ ಕ್ಯಾನನ್ ಎಂಬ ದೊಡ್ಡ ತೋಪು ಮೇಜಿನ ಮೇಲೆ 150 ಸೆಂಟಿಮೀಟರ್ ದೂರದವರೆಗೂ ಹೊಡೆಯುತ್ತದೆ. ಆ ದಪ್ಪ ನಳಿಗೆಗೆ ತಪ್ಪಿ ಬಂದ 0.75ರ ಸುರುಳಿಯೇ ಸಾಕು. ಅದಕ್ಕೆ ಮೊದಲು ಬಲಬದಿಯ ನಾಲ್ಕು ಸೂಜಿಗಳನ್ನು ಗೀರಬೇಕು, ನೀರು ಕಾಯಲು ಇಟ್ಟಿದ್ದೇನೆ.